ಪೇಟೆಯ ಹಳೇ ಕಟ್ಟಡ: ಉಳಿಸುವುದೋ, ಕೆಡವುವುದೋ?

ಮೈಸೂರಿನ ಪೇಟೆಯಲ್ಲಿ ನಿಮ್ಮ ಪಾಲಿಗೆ ಹಳೇ ಕಟ್ಟಡವೊಂದು ಬಂದಿದೆ ಎಂದುಕೊಳ್ಳಿ.

ಕೆಡವಿ ಕಟ್ಟಿದರೆ ಪಾರ್ಕಿಂಗ್, ಲಿಫ್ಟ್, ಜಾಸ್ತಿ ಮಹಡಿ, ಜಾಸ್ತಿ ಬಾಡಿಗೆ. ಲೆಕ್ಕ ಸರಳ.

ಉಳಿಸುವುದು ತಾಳ್ಮೆಯ ಕೆಲಸ. ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಸೂರು), ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕವರು ಬಿರುಕಿಗೆ ಸುಮ್ನೆ ಸಿಮೆಂಟ್ ಮೆತ್ತಿದರೆ ಕೆಲಸ ಕೆಟ್ಟಿತು. ಸುಣ್ಣದ ಗೋಡೆ ಹೀರಿದ ತೇವ ಹೊರಗೆ ಹೋಗಬೇಕು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ, ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಆದರೆ ಸರಿಯಾಗಿ ಮಾಡಿಸಿದರೆ ದಪ್ಪ ಗೋಡೆ, ಎತ್ತರದ ಸೂರು ಬೇಸಿಗೆಯಲ್ಲೂ ತಂಪು. ಹೊಸದರಲ್ಲಿ ಅದಕ್ಕೆ ಎಸಿ ಬೇಕು, ಅಲ್ವಾ?

ಅಪಾಯ ಸುಳ್ಳಲ್ಲ. 2012ರಲ್ಲಿ ಮೈಸೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ ಕುಸಿಯಿತು. ಎರಡೂ ಆಗಸ್ಟ್‌ನಲ್ಲಿ. ಅಂದಿನಿಂದ ಊರಿನಲ್ಲಿ ಇದೇ ಜಗಳ.

ನನ್ನ ಓಟು ಉಳಿಸುವುದಕ್ಕೆ, ಆದರೆ ಕಣ್ಣುಮುಚ್ಚಿ ಅಲ್ಲ. ತಾರಸಿಯ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮರ ಗಟ್ಟಿಯಿದ್ದರೆ ರಿಪೇರಿ ಮಾಡಿಸಿ. ಅಡಿಪಾಯವೇ ಕುಸಿದಿದ್ದರೆ ಹಟ ಬೇಡ. ಪಾರಂಪರಿಕ ಪಟ್ಟಿಯಲ್ಲಿದೆಯಾ ಅಂತ ಮಾತ್ರ ಪಾಲಿಕೆಯಲ್ಲಿ ಮೊದಲೇ ವಿಚಾರಿಸಿ.