ಮನೆಯಲ್ಲಿ ಮಾಡಿದ ಬಾರ್ಬೆಕ್ಯೂ ಸಾಸ್‌ಗೆ ಚೀಟಿ ಇರಲಿಲ್ಲ

"ಇದು ಮನೆಯಲ್ಲೇ ಮಾಡಿದ ಸಾಸ್, ಇದರಲ್ಲಿ ಅಂಥದ್ದೇನೂ ಇಲ್ಲ, ಧಾರಾಳವಾಗಿ ಹಾಕಿಕೋ" ಎಂದು ನಾನು ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಹೇಳಿದ ಅರ್ಧ ಗಂಟೆಯೊಳಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವಳು ಈಗ ಆರೋಗ್ಯವಾಗಿದ್ದಾಳೆ. ಆದರೆ ಆ ಸಂಜೆ ನಡೆದದ್ದು ಒಂದು ದಿನದ ತಪ್ಪಲ್ಲ. ಅಂಗಡಿಯ ಡಬ್ಬಿಯ ಹಿಂಬದಿಯನ್ನು ಓದದೆ ಬಳಸಿದ್ದರಿಂದ ಶುರುವಾಗಿ, ಮನೆಯಲ್ಲಿ ಮಾಡಿದ್ದರಲ್ಲಿ ಓದಬೇಕಾದದ್ದೇ ಇಲ್ಲ ಎಂದು ನಂಬುವವರೆಗೆ ಬೆಳೆದ ತಪ್ಪು ಅದು. ಬಾರ್ಬೆಕ್ಯೂ ಮಸಾಲೆಯನ್ನೂ ಸಾಸನ್ನೂ ಕೊಂಡು ತರುವುದೋ ಮನೆಯಲ್ಲೇ ಮಾಡುವುದೋ ಎಂದು ಯೋಚಿಸುತ್ತಿರುವವರ ಉಪಯೋಗಕ್ಕೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ತಂದದ್ದು ಅಂಗಡಿಯ ರಬ್, ಅಂದರೆ ಸುಡುವ ಮೊದಲು ಮಾಂಸಕ್ಕೆ ಉಜ್ಜುವ ಒಣ ಮಸಾಲೆ. ಡಬ್ಬಿಯ ಮೇಲೆ ಧಗಧಗಿಸುವ ಬೆಂಕಿಯ ಚಿತ್ರವಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಒಂದೂವರೆ ಕಿಲೋ ಕೋಳಿ ಕಾಲುಗಳಿಗೆ ಹಿಂದಿನ ರಾತ್ರಿಯೇ ಸುಮಾರು 22 ಗ್ರಾಂ ಉಪ್ಪು ಸವರಿ ಫ್ರಿಜ್‌ನಲ್ಲಿಟ್ಟಿದ್ದೆ. ಮರುದಿನ ಅದರ ಮೇಲೆ ರಬ್ಬನ್ನು ದಪ್ಪನಾಗಿ ಉಜ್ಜಿ ನೇರವಾಗಿ ಕೆಂಡದ ಮೇಲಿನ ಸರಳುಗಳಿಗೆ ಏರಿಸಿದೆ. ಹತ್ತು ನಿಮಿಷಕ್ಕೆಲ್ಲ ಮೇಲ್ಮೈ ಡಾಂಬರಿನಂತೆ ಕಪ್ಪಾಗಿ ಹೊಳೆಯತೊಡಗಿತು. ಚಾಕುವಿನಿಂದ ಸೀಳಿ ನೋಡಿದರೆ ಮೂಳೆಯ ಬಳಿ ಮಾಂಸ ಇನ್ನೂ ಗುಲಾಬಿ ಬಣ್ಣದಲ್ಲೇ ಇತ್ತು. ಕಪ್ಪು ಭಾಗ ಕಹಿಯಾಗಿತ್ತು, ಆಮೇಲೆ ಒಲೆಯಲ್ಲಿಟ್ಟು ಬೇಯಿಸಿಕೊಂಡ ಒಳಭಾಗ ಬಾಯಿಗಿಡಲಾರದಷ್ಟು ಉಪ್ಪಾಗಿತ್ತು.

ಡಬ್ಬಿಯನ್ನು ತಿರುಗಿಸಿ ನೋಡಿದ್ದು ಆಗ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಆ ಪಟ್ಟಿ ಸಕ್ಕರೆಯಿಂದ ಶುರುವಾಗಿ, ಎರಡನೆಯದಾಗಿ ಉಪ್ಪನ್ನು ಹೇಳಿ, ಪ್ಯಾಪ್ರಿಕಾ, ಬೆಳ್ಳುಳ್ಳಿ ಪುಡಿಗಳನ್ನೆಲ್ಲ ಆಮೇಲೆ ಹೆಸರಿಸಿತ್ತು. ಸಕ್ಕರೆ ಸುಮಾರು 160 ರಿಂದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಂದು ತಿರುಗತೊಡಗಿ, ಅದಕ್ಕಿಂತ ಮೇಲೆ ಹೋದಂತೆ ಕರಕಲಾಗಿ ಕಹಿಯಾಗುತ್ತದೆ. ಜೇನಿನಲ್ಲಿ ಹೇರಳವಾಗಿರುವ ಫ್ರಕ್ಟೋಸ್ ಅಂತೂ 110 ಡಿಗ್ರಿಯ ಆಸುಪಾಸಿನಲ್ಲೇ ಬಣ್ಣ ಬದಲಿಸುತ್ತದೆ. ಇಂಥ ಸಿಹಿ ರಬ್‌ಗಳು ಹೊಂದುವುದು 107 ರಿಂದ 121 ಡಿಗ್ರಿಯ ಹೊಗೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯುವ ಮಾಂಸಕ್ಕೆ. ನಾನು ಅದನ್ನು 250 ಡಿಗ್ರಿಗೂ ಮೀರಿದ ಕೆಂಡದ ಶಾಖಕ್ಕೆ ಒಡ್ಡಿದ್ದೆ.

ಉಪ್ಪಿನ ಲೆಕ್ಕವೂ ಡಬ್ಬಿಯ ಮೇಲೇ ಇತ್ತು. 1 ಗ್ರಾಂ ಪುಡಿಯಲ್ಲಿ 140 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದ್ದರು. ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಅಂದರೆ ಆ ಪುಡಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರಿಯ ಉಪ್ಪು. ನಾನು ಉಜ್ಜಿದ 60 ಗ್ರಾಂನಲ್ಲಿ 21 ಗ್ರಾಂ ಉಪ್ಪಿತ್ತು, ರಾತ್ರಿ ಸವರಿದ್ದು ಬೇರೆ. ಕಿಲೋಗೆ 15 ಗ್ರಾಂ ಸಾಕಾಗುವ ಕಡೆ ಸುಮಾರು 29 ಗ್ರಾಂ ಹಾಕಿ, ಉಪ್ಪಾಯಿತೆಂದು ಕಂಪನಿಯವರನ್ನು ಬೈದೆ.

ಅದೇ ಕೋಪದಲ್ಲಿ ಇನ್ನು ಮೇಲೆ ಎಲ್ಲವನ್ನೂ ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆ. ರಬ್‌ನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನವೇ ಆಯಿತು, ಇವತ್ತಿಗೂ ಬದಲಿಸಿಲ್ಲ. ಉಪ್ಪು ಮಾತ್ರ ಮಾಂಸದ ಒಳಕ್ಕೆ ಇಳಿಯುತ್ತದೆ, ಉಳಿದ ಮಸಾಲೆಯೆಲ್ಲ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಉಪ್ಪನ್ನು ಬೇರೆಯಾಗಿ ತೂಗಿ ಮೊದಲೇ ಹಾಕಿ, ಉಪ್ಪಿಲ್ಲದ ಮಸಾಲೆಯನ್ನು ಆಮೇಲೆ ಉಜ್ಜುವ ಸ್ವಾತಂತ್ರ್ಯ ಮನೆಯ ಪುಡಿಯಲ್ಲಿದೆ. ಡಬ್ಬಿಯ ಪಟ್ಟಿಯಲ್ಲಿ ಸಿಲಿಕಾನ್ ಡೈಆಕ್ಸೈಡ್ ಎಂಬ ಹೆಸರು ಕಂಡು ಮೂಗು ಮುರಿದವನು ನಾನು. ಅದು ಪುಡಿ ಗಂಟು ಕಟ್ಟದಂತೆ ಹಾಕುವ ವಸ್ತುವೆಂಬುದು, ಕಂದು ಸಕ್ಕರೆ ಬೆರೆಸಿದ ನನ್ನ ಪುಡಿ ಎರಡೇ ವಾರದಲ್ಲಿ ಇಟ್ಟಿಗೆಯಾಗಿ ಸೀಸೆಯ ತಳಕ್ಕೆ ಕಚ್ಚಿಕೊಂಡಾಗ ಅರ್ಥವಾಯಿತು. ಸಕ್ಕರೆಯನ್ನು ಬಳಸುವ ದಿನವೇ ಬೆರೆಸಿದರೆ ಆ ತೊಂದರೆಯೂ ಇಲ್ಲ.

ಎಡವಿದ್ದು ಸಾಸ್‌ನಲ್ಲಿ. ಟೊಮೆಟೊ, ವಿನೆಗರ್, ಕಂದು ಸಕ್ಕರೆ, ಸಾಸಿವೆ, ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ ಮತ್ತು ಬೆಳ್ಳುಳ್ಳಿ, ರುಚಿಗೆ ನಾಲ್ಕು ಚಮಚ ವೂಸ್ಟರ್ ಸಾಸ್ ಹಾಕಿ ಕುದಿಸಿ ರುಬ್ಬಿದೆ. ಮನೆಯವರಿಗೆ ಹುಳಿ ಹೆಚ್ಚೆನಿಸಿದ್ದರಿಂದ ಎರಡನೆಯ ಸಲ ವಿನೆಗರನ್ನು ಅರ್ಧಕ್ಕಿಳಿಸಿದೆ. ಖಾಲಿಯಾಗಿದ್ದ ಅಂಗಡಿಯ ಬಾಟಲಿಗಳನ್ನು ತೊಳೆದು, ಅವುಗಳ ಮೇಲಿದ್ದ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ನನ್ನ ಸಾಸ್ ತುಂಬಿಸಿದೆ. ಅಂಗಡಿಯಲ್ಲಿ ಸಾಸ್ ಬಾಟಲಿಗಳು ಹೊರಗೇ ನಿಂತಿರುವುದನ್ನು ನೋಡಿದ್ದ ನನಗೆ ನನ್ನವೂ ಅಡುಗೆಮನೆಯ ಕಪಾಟಿನಲ್ಲಿ ಇರಬಹುದು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಎಂಟನೆಯ ದಿನ ಒಂದು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಂತೆ ಅದು ಬುಸ್ಸೆಂದು ಕೈಯಿಂದ ಹಾರಿತು. ಕೆಂಪು ನೊರೆ ಬಾಟಲಿಯ ಕುತ್ತಿಗೆಯಿಂದ ಉಕ್ಕಿ, ಬೆರಳುಗಳ ನಡುವಿನಿಂದ ಇಳಿದು ಮಣಿಕಟ್ಟಿನವರೆಗೆ ಹರಿಯಿತು. ಹಣ್ಣು ಹುಳಿತಂಥ ವಾಸನೆ. ಕೆಟ್ಟಿದೆಯೋ ಇಲ್ಲವೋ ನೋಡೋಣವೆಂದು ಬೆರಳನ್ನು ನಾಲಗೆಯ ಹತ್ತಿರ ತಂದಿದ್ದೆ. ಹೆಂಡತಿ ಕೈ ಹಿಡಿದು ಎಳೆದಳು. ಆ ನೊರೆ ಬಹುಶಃ ಯೀಸ್ಟ್ ಸಕ್ಕರೆಯನ್ನು ತಿಂದು ಬಿಟ್ಟ ಗಾಳಿಯಿರಬೇಕು. ಹೆದರಬೇಕಾದದ್ದು ಮಾತ್ರ ಬೇರೊಂದಕ್ಕೆ. ಬೆಳ್ಳುಳ್ಳಿ, ಈರುಳ್ಳಿಗಳು ಮಣ್ಣಿನಿಂದ ಬರುವುದರಿಂದ ಅವುಗಳ ಮೇಲೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು; ಸಾಧಾರಣ ಕುದಿತಕ್ಕೆ ಅವು ಸಾಯುವುದಿಲ್ಲ, ಗಾಳಿಯಾಡದ ಮುಚ್ಚಿದ ಬಾಟಲಿಯಲ್ಲಿ ಹುಳಿ ಸಾಲದಿದ್ದರೆ ಬೆಳೆದು ಪ್ರಾಣಕ್ಕೇ ಕುತ್ತು ತರುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ವಾಸನೆಯಿಂದಲೂ ರುಚಿಯಿಂದಲೂ ಗೊತ್ತಾಗುವುದಿಲ್ಲ. ಆಮ್ಲೀಯತೆಯ ಅಳತೆಯಾದ ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಟೊಮೆಟೊ ಹಣ್ಣು ಆ ಗೆರೆಯ ಆಚೀಚೆಯೇ ತೂಗಾಡುವ ಪದಾರ್ಥ. ಅದನ್ನು ಭದ್ರವಾಗಿ ಕೆಳಗಿಡುತ್ತಿದ್ದ ವಿನೆಗರನ್ನೇ ನಾನು ಅರ್ಧಕ್ಕಿಳಿಸಿದ್ದೆ.

ಅಂಗಡಿಯ ಬಾಟಲಿ ಹೊರಗೆ ಕೆಡದೆ ನಿಲ್ಲುವುದಕ್ಕೆ ಕಾರಣ ಹುಳಿಯನ್ನು ಅಳೆದು ಸರಿಪಡಿಸಿ, ಬಿಸಿಯಿರುವಾಗಲೇ ತುಂಬಿ ಮುಚ್ಚಿರುವುದು. ಕೆಲವಕ್ಕೆ ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್‌ನಂಥ ಸಂರಕ್ಷಕಗಳನ್ನೂ ಸೇರಿಸಿರುತ್ತಾರೆ. ಅಂಥ ಬಾಟಲಿಯ ಮೇಲೂ, ತೆರೆದ ನಂತರ ಫ್ರಿಜ್‌ನಲ್ಲಿಡಿ ಎಂಬ ಸಾಲಿರುತ್ತದೆ. ನಾನು ನೆನೆಸಿ ಕಿತ್ತ ಚೀಟಿಯಲ್ಲೂ ಆ ಸಾಲು ಇದ್ದಿರಬೇಕು.

ಉಳಿದ ಬಾಟಲಿಗಳನ್ನೆಲ್ಲ ಎಸೆದು, ವಿನೆಗರನ್ನು ಮೊದಲಿನಷ್ಟೇ ಹಾಕಿ ಹೊಸದಾಗಿ ಮಾಡಿ, ಫ್ರಿಜ್‌ನಲ್ಲಿಟ್ಟೆ. ಈಗ ಎಲ್ಲ ಸರಿಯಾಯಿತು ಎಂದುಕೊಂಡೆ. ಆ ಶನಿವಾರ ಸಹೋದ್ಯೋಗಿಯೊಬ್ಬರು ಸಂಸಾರ ಸಮೇತ ಊಟಕ್ಕೆ ಬಂದರು. ಅವರ ಮಗಳು ತಟ್ಟೆ ಹಿಡಿದು ನನ್ನ ಬಳಿ ಬಂದು, "ಅಂಕಲ್, ಇದರಲ್ಲಿ ಮೀನು ಇಲ್ಲ ತಾನೆ?" ಎಂದು ಕೇಳಿದಳು. ಕೋಳಿಯ ಪಕ್ಕದಲ್ಲಿ ನಿಂತು ಮೀನಿನ ಮಾತು ಕೇಳಿ ನನಗೆ ನಗು ಬಂತು. ಮೇಲೆ ಬರೆದ ಉತ್ತರ ಕೊಟ್ಟದ್ದು ಆಗಲೇ. ಸ್ವಲ್ಪ ಹೊತ್ತಿನಲ್ಲಿ ಅವಳು ಕತ್ತು ಕೆರೆದುಕೊಳ್ಳತೊಡಗಿದಳು. ಕತ್ತಿನ ಮೇಲೆ ಕೆಂಪು ದದ್ದುಗಳೆದ್ದು, ಕೆಳತುಟಿ ಊದಿ, ಮಾತು ತೊದಲಿತು. ತಾಯಿ ಒಂದು ಕ್ಷಣವೂ ತಡಮಾಡದೆ ಕೈಚೀಲದಿಂದ ಅಡ್ರಿನಲಿನ್ ಪೆನ್, ಅಂದರೆ ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಚುಚ್ಚುಮದ್ದು, ತೆಗೆದು ತೊಡೆಗೆ ಚುಚ್ಚಿದರು. ನಂತರ ನನ್ನತ್ತ ತಿರುಗಿ, "ಸರ್, ಸಾಸ್‌ಗೆ ಏನೇನು ಹಾಕಿದ್ದೀರಿ, ಒಂದೊಂದಾಗಿ ಹೇಳಿ" ಎಂದರು. ಹೇಳುತ್ತ ಹೋದೆ. ವೂಸ್ಟರ್ ಸಾಸ್ ಎನ್ನುತ್ತಿದ್ದಂತೆ ಅವರು, "ಸಾಕು" ಎಂದರು.

ವೂಸ್ಟರ್ ಸಾಸ್‌ನ ಮೂಲ ಪಾಕದಲ್ಲೇ ಆಂಚೋವಿ ಎಂಬ ಪುಟ್ಟ ಮೀನು ಇದೆ. ಮೀನಿಲ್ಲದ ಬಗೆಗಳೂ ಸಿಗುತ್ತವೆ, ನನ್ನಲ್ಲಿದ್ದದ್ದು ಮೀನಿದ್ದದ್ದು. ಅದರ ಬಾಟಲಿಯ ಮೇಲೆ ಅದು ಸ್ಪಷ್ಟವಾಗಿಯೇ ಬರೆದಿತ್ತು. ಇಲ್ಲಿಯೇ ನನ್ನ ಇಡೀ ತರ್ಕ ಮುರಿದುಬಿದ್ದದ್ದು. ಮನೆಯ ಸಾಸ್ ಎಂದು ನಾನು ಕರೆಯುತ್ತಿದ್ದದ್ದರಲ್ಲಿ ಅರ್ಧದಷ್ಟು ಪದಾರ್ಥಗಳು ಅಂಗಡಿಯಿಂದಲೇ ಬಂದವು, ಪ್ರತಿಯೊಂದೂ ತನ್ನ ಚೀಟಿಯನ್ನು ಹೊತ್ತು ಬಂದಿತ್ತು. ನಾನು ಅವನ್ನೆಲ್ಲ ಒಂದು ಪಾತ್ರೆಗೆ ಸುರಿದು ಚೀಟಿಗಳನ್ನು ಕಸಕ್ಕೆ ಹಾಕಿ, ಉಳಿದದ್ದನ್ನು ಶುದ್ಧವೆಂದು ಬಡಿಸಿದ್ದೆ. ಸಾಸಿವೆಯೂ ಕೆಲವರಿಗೆ ಅಲರ್ಜಿಯ ವಸ್ತುವೇ. ಸೋಯಾ ಸಾಸ್ ಸೇರಿಸುವವರ ಪಾತ್ರೆಗೆ ಸೋಯಾದ ಜೊತೆ ಸಾಮಾನ್ಯವಾಗಿ ಗೋಧಿಯೂ, ಮಾಲ್ಟ್ ವಿನೆಗರ್ ಸೇರಿಸುವವರ ಪಾತ್ರೆಗೆ ಬಾರ್ಲಿಯೂ ಬಂದಿರುತ್ತವೆ. ಜೇನು ಹಾಕಿದ ಸಾಸನ್ನು ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಲೂ ಬಾರದು.

ಇಂಥ ಅಲರ್ಜಿ ಒಮ್ಮೆ ಇಳಿದ ಮೇಲೂ ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ ಹುಡುಗಿಯನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಅಂಗಿಯ ತೋಳಿಗೆ ಇನ್ನೂ ಹೊಗೆಯ ವಾಸನೆ ಅಂಟಿತ್ತು.

ಈಗ ಸಾಸ್ ಮಾಡಿದರೆ ಅಂದಿಗೆ ಬೇಕಾದಷ್ಟೇ ಮಾಡುತ್ತೇನೆ, ಉಳಿದರೆ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸುತ್ತೇನೆ. ತಿಂಗಳುಗಟ್ಟಲೆ ಇಡಬೇಕಾದ ಬಾಟಲಿಯನ್ನು ಮುಜುಗರವಿಲ್ಲದೆ ಅಂಗಡಿಯಿಂದಲೇ ತರುತ್ತೇನೆ. ಹಸಿ ಮಾಂಸಕ್ಕೆ ಸವರಿದ ಕುಂಚವನ್ನು ಅದ್ದಿದ ಬಟ್ಟಲಿನ ಸಾಸ್ ಊಟದ ಮೇಜಿಗೆ ಬರುವುದಿಲ್ಲ. ಮನೆಯಲ್ಲಿ ತುಂಬಿದ ಪ್ರತಿ ಸೀಸೆಗೂ ತಾರೀಖು ಮತ್ತು ಹಾಕಿದ ಪದಾರ್ಥಗಳ ಹೆಸರು ಬರೆದ ಕಾಗದದ ಪಟ್ಟಿ ಅಂಟಿಸುತ್ತೇನೆ. ಕೊಂಡು ತಂದ ಪದಾರ್ಥವಾದರೆ ಅದರ ಒಳಗಿರುವ ಪದಾರ್ಥಗಳನ್ನೂ ಬರೆಯುತ್ತೇನೆ. ಕಳೆದ ಸಲ ಆ ಸಂಸಾರ ಮತ್ತೆ ಊಟಕ್ಕೆ ಬಂದಾಗ ತಾಯಿ ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ, "ಚೆನ್ನಾಗಿ ಬರೆದಿದ್ದೀರಿ ಸರ್" ಎಂದು ಸೀಸೆಯನ್ನು ಕೆಳಗಿಟ್ಟರು. ಮಗಳ ಊಟವನ್ನು ಅವರು ಮನೆಯಿಂದಲೇ ಡಬ್ಬಿಯಲ್ಲಿ ತಂದಿದ್ದರು.