ಎರಡೂ ದವಡೆಗೆ ಮೆತ್ತನೆ ಬೈಟ್ ಬ್ಲಾಕ್: ಬಳಸುವವಳ ಅನಿಸಿಕೆ

ಬೆನ್ನುಮೂಳೆ ಆಪರೇಷನ್ ನಡೆಯುವಾಗ ನರಗಳ ಮೇಲೆ ಕಣ್ಣಿಡುವ ಟೆಕ್ನಿಷಿಯನ್ ನಾನು. ನರಗಳ ದಾರಿ ಸರಿಯಿದೆಯೇ ಎಂದು ನೋಡಲು ನೆತ್ತಿಗೆ ಚುಚ್ಚಿದ ಸೂಜಿಗಳಿಂದ ನೂರಾರು ವೋಲ್ಟ್ ಹಾಯಿಸಿದಾಗ ಕೈಕಾಲಷ್ಟೇ ಅಲ್ಲ, ದವಡೆಯೂ ಗಕ್ಕನೆ ಕಚ್ಚಿಕೊಳ್ಳುತ್ತದೆ. ಸ್ನಾಯು ಸಡಿಲಿಸುವ ಔಷಧಿ ಕೊಡೋಣವೆಂದರೆ ಸ್ನಾಯುಗಳಿಂದ ನಮಗೆ ಬೇಕಾದ ಸಿಗ್ನಲ್ಲೇ ಅಡಗಿಹೋಗುತ್ತದೆ. ಆ ಹೊತ್ತಿನಲ್ಲಿ ಹಲ್ಲಿನ ನಡುವೆ ನಾಲಿಗೆ ಸಿಕ್ಕಿದರೆ ಸೀಳಿಯೇ ಹೋಗಬಹುದು. ಉಸಿರಾಟದ ಟ್ಯೂಬ್ ಸಿಕ್ಕಿದರೆ ಇನ್ನೂ ಕಷ್ಟ.

ಮೊದಲು ಹಲ್ಲುಗಳ ನಡುವೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಸುರುಳಿ ಇಡುತ್ತಿದ್ದೆವು. ಜೊಲ್ಲಿಗೆ ನೆನೆದು ಅದು ಚಪ್ಪಟೆಯಾಗುತ್ತಿತ್ತು. ಈಗ ಬಳಸುತ್ತಿರುವ ಬೈಟ್ ಬ್ಲಾಕ್, ಅಂದರೆ ಹಲ್ಲುಗಳ ನಡುವೆ ಇಡುವ ತಡೆ, ಒಂದು ಪಟ್ಟಿಯಿಂದ ಜೋಡಿಸಿದ ಎರಡು ಫೋಮ್ ತುಂಡು. ಎರಡೂ ಕಡೆ ದವಡೆ ಹಲ್ಲುಗಳ ನಡುವೆ ಸರಿಯಾಗಿ ಕೂರುತ್ತದೆ, ನಾಲಿಗೆಗೆ ಮಧ್ಯದಲ್ಲಿ ಜಾಗ ಬಿಡುತ್ತದೆ, ಕಚ್ಚಿದ ಭಾರ ಮುಂದಿನ ಹಲ್ಲಿಗೆ ಬೀಳುವುದಿಲ್ಲ. ಉಸಿರಿನ ದಾರಿ ತೆರೆದಿಡಲು ಬಾಯಿಗೆ ಇಡುವ ಗಟ್ಟಿ ಪ್ಲಾಸ್ಟಿಕ್ ಏರ್‌ವೇಯನ್ನೇ ನೆಚ್ಚಿಕೊಂಡರೆ ಮುಂದಿನ ಹಲ್ಲು ಮುರಿದೀತೆಂಬ ಭಯ ಇದ್ದದ್ದೇ.

ತಕರಾರೂ ಇದೆ. ಚಿಕ್ಕ ಬಾಯಿಗೆ ಇದು ದಪ್ಪವಾಯಿತು. ಗಂಟೆಗಟ್ಟಲೆ ನಾಲಿಗೆಯನ್ನು ಒತ್ತಿದರೆ ಬಾವು ಬರುತ್ತದೆ. ಮಕ್ಕಳಿಗಂತೂ ಇನ್ನೊಂದು ಅಳತೆ ಬೇಕೇ ಬೇಕು. ಬಣ್ಣ ಬಿಳಿ ಮಾಡಿದ್ದು ಯಾರ ಬುದ್ಧಿಯೋ! ಗಾಜ್ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದೇ ತಿಳಿಯದು.

ಒಳ್ಳೆಯ ಬ್ಲಾಕ್ ಇದೆಯೆಂದು ನೋಡುವುದನ್ನು ಬಿಡುವಂತಿಲ್ಲ. ಬೋರಲು ಮಲಗಿಸುವಾಗ ಅದು ಜರುಗುತ್ತದೆ, ಜೊಲ್ಲಿಗೆ ಟೇಪ್ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮಲಗಿಸಿದ ಮೇಲೆ, ಮೊದಲ ಸ್ಟಿಮ್ಯುಲೇಷನ್‌ಗೆ (ಕರೆಂಟ್ ಹಾಯಿಸುವುದಕ್ಕೆ) ಮುಂಚೆ, ಅನಸ್ತೇಷಿಯಾ ಡಾಕ್ಟರ ಜೊತೆ ಬಗ್ಗಿ ಟಾರ್ಚ್ ಬಿಟ್ಟು ನೋಡುತ್ತೇನೆ. ಹಲ್ಲು ಅಲ್ಲಾಡುವ ರೋಗಿಯಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.