ಎಂಟು ಚೌಕಟ್ಟಿನ ಬೇಲಿ ಮತ್ತು ನಮ್ಮ ಬಿಂದು: ಐದು ತಿಂಗಳು ಬಳಸಿದ ಮೇಲೆ

ಬಿಂದುವಿಗೆ ಉದ್ದ, ಅಗಲ, ದಪ್ಪ ಯಾವುದೂ ಇಲ್ಲ ಎಂದು 31 ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವಳು ನಾನು. ಕಳೆದ ಜುಲೈ ಮಳೆಯಲ್ಲಿ ಎಳನೀರು ಗಾಡಿಯ ಕೆಳಗಿನಿಂದ ನಮ್ಮವರ ಕೊಡೆಯೊಳಗೆ ನುಸುಳಿ ಮನೆಗೆ ಬಂದ ನಾಯಿಮರಿ ಬಿಂದುವಿಗೆ ಈ ಮೂರೂ ಇದ್ದವು. ಜೊತೆಗೆ ಸೂಜಿಯಂಥ 28 ಹಾಲುಹಲ್ಲುಗಳೂ ಇದ್ದವು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಒಂದೇ ಒಂದು ಬಿಳಿ ಚುಕ್ಕೆ. ಹೆಸರಿಡಲು ಕಷ್ಟವಾಗಲಿಲ್ಲ. ಬಾಯಿ ತೆರೆದು ನೋಡಿದ ಪಶುವೈದ್ಯರು, ಎಂಟು ವಾರದ ಹೆಣ್ಣುಮರಿ ಇರಬಹುದು ಎಂದರು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಮೊದಲ ಮಹಡಿಯ ಮನೆ, ಹಳೆಯ ಮೊಸಾಯಿಕ್ ನೆಲ. ಇರುವವರು ನಾನು, ರೈಲ್ವೆಯಿಂದ ನಿವೃತ್ತರಾದ ನಮ್ಮವರು ಮತ್ತು 84 ವರ್ಷದ ಅತ್ತೆ. ಅತ್ತೆ ಕೋಲೂರಿ ನಡೆಯುತ್ತಾರೆ, ಮಡಿಯನ್ನು ಇಂದಿಗೂ ಬಿಟ್ಟಿಲ್ಲ. ಮರಿಗೆ ಆ ಕೋಲೂ ಬೇಕು, ಸೀರೆಯ ನೆರಿಗೆಯೂ ಬೇಕು. ಬಂದ ಮೂರನೆಯ ದಿನ ಅತ್ತೆ ದೇವರ ಮನೆಯಿಂದ ಹೊರಗೆ ಕಾಲಿಡುತ್ತಿದ್ದಂತೆ ನೆರಿಗೆಗೆ ಜೋತುಬಿದ್ದು ಉಯ್ಯಾಲೆಯಾಡಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಅತ್ತೆಯ ಸೊಂಟ ಉಳಿಯಿತು. ಅಂದು ರಾತ್ರಿಯೇ ಮೊಬೈಲಿನಲ್ಲಿ ಹುಡುಕಿ ಈ ಬೇಲಿಯನ್ನು ತರಿಸಿದೆ.

ಮಾರುವವರು ಇದನ್ನು ಪ್ಲೇಪೆನ್ ಎನ್ನುತ್ತಾರೆ. ಕಬ್ಬಿಣದ ಸರಳುಗಳ ಎಂಟು ಚೌಕಟ್ಟುಗಳು, ಒಂದೊಂದೂ ಎರಡಡಿ ಅಗಲ, ಎರಡಡಿ ಎತ್ತರ; ಒಂದರಲ್ಲಿ ಚಿಲಕವಿರುವ ಪುಟ್ಟ ಬಾಗಿಲು. ಚೌಕಟ್ಟುಗಳನ್ನು ಉದ್ದನೆಯ ಪಿನ್ನುಗಳಿಂದ ಜೋಡಿಸಬೇಕು. ನಾನು ಕೊಟ್ಟದ್ದು 2,850 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಚಿತ್ರ ಹಾಕಿ, ಇದೇ ಬೇಲಿಯನ್ನು ಹತ್ತಾರು ಹೆಸರುಗಳಲ್ಲಿ ಮಾರುತ್ತಿದ್ದಾರೆ. ನನಗೆ ಬಂದ ಪೆಟ್ಟಿಗೆಯಲ್ಲಿ ಎಂಟು ಪಿನ್ನುಗಳ ಬದಲು ಆರಿದ್ದವು, ಒಂದು ಚೌಕಟ್ಟು ಸೊಟ್ಟಗಿತ್ತು. ದೂರು ಕೊಟ್ಟರೆ ‘ಪೆಟ್ಟಿಗೆ ತೆರೆಯುವ ವಿಡಿಯೊ ಕಳುಹಿಸಿ’ ಎಂದರು. ಪೆಟ್ಟಿಗೆ ತೆರೆಯುವಾಗ ನನ್ನ ಒಂದು ಕೈಯಲ್ಲಿ ಮರಿ, ಇನ್ನೊಂದು ಕೈಯಲ್ಲಿ ನೆಲ ಒರೆಸುವ ಬಟ್ಟೆ ಇದ್ದವು. ವಿಡಿಯೊ ತೆಗೆಯಲು ಮೂರನೆಯ ಕೈಯನ್ನು ಭಗವಂತ ಕೊಟ್ಟಿಲ್ಲ. ಪಿನ್ನುಗಳು ಹನ್ನೊಂದನೆಯ ದಿನ ಬಂದವು. ಅಲ್ಲಿಯವರೆಗೆ ಸೈಕಲ್ ಅಂಗಡಿಯ ತಂತಿಯಲ್ಲಿ ಬಿಗಿದಿದ್ದೆ. ಸೊಟ್ಟ ಚೌಕಟ್ಟನ್ನು ನಮ್ಮವರು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿದರು. ಕಬ್ಬಿಣದ ಗುಣಮಟ್ಟ ಎಷ್ಟೆಂದು ಇದರಿಂದಲೇ ತಿಳಿಯಬಹುದು.

ಇನ್ನು ಜಾಗದ ವಿಷಯ. ಜಾಹೀರಾತಿನ ಚಿತ್ರದಲ್ಲಿ ಬೇಲಿಯನ್ನು ಎಂಟು ಮೂಲೆಯ ಆಕಾರದಲ್ಲಿ ಇಟ್ಟಿದ್ದಾರೆ. ಹಾಗಿಟ್ಟರೆ ಒಳಗೆ 19 ಚದರಡಿಗೆ ಸ್ವಲ್ಪ ಹೆಚ್ಚು ಸಿಗುತ್ತದೆ. ಚೌಕವಾಗಿಟ್ಟರೆ 16. ಆದರೆ ಗೋಡೆಯ ಮೂಲೆಗೆ ಹೊಂದಿಸಿ ಎರಡು ಬದಿಯನ್ನು ಗೋಡೆಗೇ ಬಿಟ್ಟರೆ, ಎಂಟಡಿಗೆ ಎಂಟಡಿ, 64 ಚದರಡಿ! ಅದೇ ಎಂಟು ಚೌಕಟ್ಟು, ನಾಲ್ಕು ಪಟ್ಟು ಜಾಗ. ಈ ಲೆಕ್ಕ ಹೊಳೆದಾಗ ನನಗಾದ ಖುಷಿ ಹೇಳತೀರದು. ನಮ್ಮವರನ್ನು ಕರೆದು ಕಾಗದದ ಮೇಲೆ ಬರೆದು ತೋರಿಸಿದೆ. ಹಜಾರದ ಮೂಲೆಯಲ್ಲಿ ಅರಮನೆ ಎದ್ದಿತು.

ಬಿಂದು ಆ ಅರಮನೆಯ ಒಂದು ಮೂಲೆಯಲ್ಲಿ ಮಲಗಿತು, ಉಳಿದ ಮೂರೂ ಮೂಲೆಗಳಲ್ಲಿ ಉಚ್ಚೆ ಹೊಯ್ದಿತು. ನಾಯಿಮರಿ ತಾನು ಮಲಗುವ ಜಾಗವನ್ನು ಮಾತ್ರ ಕೊಳಕು ಮಾಡಿಕೊಳ್ಳಲು ಹಿಂಜರಿಯುತ್ತದೆ. ಜಾಗ ದೊಡ್ಡದಾದಷ್ಟೂ ಅದಕ್ಕೆ ‘ಮನೆ’ ಚಿಕ್ಕದು, ‘ಬಯಲು’ ದೊಡ್ಡದು. ಇದನ್ನು ತಿಳಿಯಲು ನಾನು ಒಂದು ಹಾಜರಿ ಪುಸ್ತಕ ತೆರೆಯಬೇಕಾಯಿತು. ನಗಬೇಡಿ. ವೇಳೆ, ಸ್ಥಳ, ಅದಕ್ಕೆ ಮೊದಲು ಏನು ಮಾಡುತ್ತಿತ್ತು, ಹೀಗೆ ಮೂರು ಕಾಲಂ ಎಳೆದೆ. ಮೊದಲ ದಿನ 16 ಗುರುತುಗಳು ಬಿದ್ದವು. ನಾಲ್ಕನೆಯ ದಿನಕ್ಕೆ ಪುಸ್ತಕ ಮಾತನಾಡತೊಡಗಿತು: ನಿದ್ದೆಯಿಂದ ಎದ್ದ ಐದು ನಿಮಿಷದೊಳಗೆ, ಊಟವಾದ ಹತ್ತರಿಂದ ಇಪ್ಪತ್ತು ನಿಮಿಷದೊಳಗೆ, ಆಟದ ಮಧ್ಯೆ ಇದ್ದಕ್ಕಿದ್ದಂತೆ ನೆಲ ಮೂಸುತ್ತಾ ಸುತ್ತು ಹಾಕಿದ ಕೂಡಲೇ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ ಅದು ತಡೆದುಕೊಳ್ಳಬಲ್ಲ ಗಂಟೆಗಳು ಎಂಬ ಸೂತ್ರವೊಂದಿದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದು ಹೆಚ್ಚೆಂದರೆ ಮಲಗಿದ್ದಾಗಿನ ಲೆಕ್ಕ. ಎಚ್ಚರವಿದ್ದಾಗ ಮುಕ್ಕಾಲು ಗಂಟೆಗೊಮ್ಮೆ ಎತ್ತಿಕೊಂಡು ಓಡಿ. ರಾತ್ರಿ ಒಂದಕ್ಕೂ ನಾಲ್ಕಕ್ಕೂ ಅಲಾರಂ ಇಟ್ಟುಕೊಂಡು ಎದ್ದವರು ನಮ್ಮವರು. ರೈಲ್ವೆಯ ರಾತ್ರಿ ಪಾಳಿ ಕೊನೆಗೂ ಉಪಯೋಗಕ್ಕೆ ಬಂತು.

ಪುಸ್ತಕ ನೋಡಿ ಬೇಲಿಯ ಆಕಾರವನ್ನು ಮೂರು ಸಲ ಬದಲಾಯಿಸಿದೆ. ಕೊನೆಗೆ ನಿಂತದ್ದು ಆರಡಿ ಉದ್ದ, ಎರಡಡಿ ಅಗಲದ ಓಣಿಯಂಥ ಆಕಾರದಲ್ಲಿ. ಬರೀ 12 ಚದರಡಿ. ನಾನು ಇಟ್ಟು ನೋಡಿದ ಆಕಾರಗಳಲ್ಲೆಲ್ಲ ಅತಿ ಕಡಿಮೆ. ಆದರೆ ಒಂದು ತುದಿಯಲ್ಲಿ ಹಾಸಿಗೆ, ಇನ್ನೊಂದು ತುದಿಯಲ್ಲಿ ಕಾಗದ. ಗೋಡೆಯ ನೆರವಿಲ್ಲದೆ ಇಟ್ಟ ಆಕಾರಗಳಲ್ಲಿ ಇವೆರಡರ ನಡುವಿನ ದೂರ ಅತಿ ಹೆಚ್ಚು. ಎರಡು ದಿನದಲ್ಲಿ ಬಿಂದು ಕಾಗದದ ತುದಿಗೆ ನಡೆದುಹೋಗಿ ಕೆಲಸ ಮುಗಿಸಿ ಹಾಸಿಗೆಗೆ ಮರಳತೊಡಗಿತು. ಕಾಗದವೆಂದರೆ ಹಳೆಯ ಪತ್ರಿಕೆಗಳಲ್ಲ. ಅವನ್ನು ನಮ್ಮವರು ರದ್ದಿಗೆ ಹಾಕಿ ಮುಗಿಸಿದ್ದರು. ನನ್ನ ಅಟ್ಟದ ಮೇಲಿದ್ದ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು, ಐದಾರು ಕಟ್ಟು. ಪೈಥಾಗೊರಸ್ ಪ್ರಮೇಯಕ್ಕೆ ನನ್ನ ವಿದ್ಯಾರ್ಥಿಗಳು ಮನಸ್ಸಿನಲ್ಲೇ ಮಾಡಿದ್ದನ್ನು ಬಿಂದು ಬಹಿರಂಗವಾಗಿ ಮಾಡಿತು.

ಒಳಗೇ ಈ ಏರ್ಪಾಡು ಏಕೆ, ಬೀದಿಗೆ ಕರೆದುಕೊಂಡು ಹೋದರಾಗದೇ ಎಂದು ಕೆಳಗಿನ ಮನೆಯವರು ಕೇಳಿದರು. ಲಸಿಕೆಗಳು ಮುಗಿಯುವ ತನಕ ಹೋಗಬಾರದು. ನಾಯಿಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ರೋಗದ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸೋಂಕಿದ ನಾಯಿಯ ಮಲದಿಂದ ಹರಡುತ್ತದೆ. ನಮ್ಮ ಬೀದಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ನಮ್ಮ ವೈದ್ಯರು ಮೂರು ನಾಲ್ಕು ವಾರಗಳಿಗೊಮ್ಮೆ ಚುಚ್ಚುಮದ್ದು ಹಾಕುತ್ತಾ 16 ವಾರದ ತನಕ ಎಳೆದರು, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿದರು. ಆ ಎರಡು ತಿಂಗಳು ಈ ಬೇಲಿ ಇಲ್ಲದಿದ್ದರೆ ನಾನು ನೆಲ ಒರೆಸುತ್ತಲೇ ಇರಬೇಕಿತ್ತು. ಅದೇ ಕೆಳಗಿನ ಮನೆಯವರು, ಮೂತಿಯನ್ನು ಉಚ್ಚೆಗೆ ಉಜ್ಜಿ ಎರಡು ಏಟು ಹಾಕಿ, ಬುದ್ಧಿ ಬರುತ್ತದೆ ಎಂದೂ ಸಲಹೆ ಕೊಟ್ಟರು. ಬರುವ ಬುದ್ಧಿ ಒಂದೇ: ನಮ್ಮ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಹೋಗಿ ಮಾಡುವುದು. ಒರೆಸುವಾಗ ಅಮೋನಿಯ ಇರುವ ದ್ರಾವಣ ಬೇಡ. ಅದರ ವಾಸನೆ ಮೂತ್ರದ ವಾಸನೆಗೆ ಹತ್ತಿರ, ಮರಿ ಅದೇ ಜಾಗವನ್ನು ಹುಡುಕಿಕೊಂಡು ಬರುತ್ತದೆ. ನಾನು ನೀರು ಬೆರೆಸಿದ ವಿನೆಗರ್ ಬಳಸಿದೆ.

ಮೊದಲ ರಾತ್ರಿಯ ಬಗ್ಗೆ ಮಾರುವವರು ಒಂದು ಮಾತನ್ನೂ ಬರೆದಿಲ್ಲ. ತಾಯಿ, ಒಡಹುಟ್ಟಿದವರ ಬೆಚ್ಚಗಿನ ಗುಡ್ಡೆಯಲ್ಲಿ ಮಲಗಿದ್ದ ಜೀವವನ್ನು ಕಬ್ಬಿಣದೊಳಗೆ ಬಿಟ್ಟು ದೀಪ ಆರಿಸಿದರೆ ಅದು ಹಾಡುವುದಿಲ್ಲ. ಹನ್ನೊಂದು ಗಂಟೆಯಿಂದ ಶುರುವಾದ ಅಳು ಒಂದೂವರೆಯಾದರೂ ನಿಲ್ಲಲಿಲ್ಲ. ಅತ್ತೆ ಕೋಣೆಯಿಂದಲೇ ಕೂಗಿದರು: “ಬಿಟ್ಟುಬಿಡಮ್ಮ ಅದನ್ನು. ಸೆರೆಮನೆಯಲ್ಲಿ ಹುಟ್ಟಿದ ಕೃಷ್ಣನೊಬ್ಬನೇ ಸಾಕು.” ನಮ್ಮವರು ಚಾಪೆ ತಂದು ಬೇಲಿಯ ಪಕ್ಕದಲ್ಲಿ ಹಾಸಿಕೊಂಡು, ಸರಳಿನ ಸಂದಿಯಲ್ಲಿ ಎರಡು ಬೆರಳು ಒಳಗೆ ಬಿಟ್ಟು ಮಲಗಿದರು. ಅಳು ನಿಂತಿತು. ನಾಲ್ಕು ರಾತ್ರಿ ಬೆರಳು, ಆಮೇಲೆ ಮೂರು ರಾತ್ರಿ ಚಾಪೆ ಮಾತ್ರ, ಆಮೇಲೆ ಚಾಪೆ ದಿನಕ್ಕೊಂದಡಿ ಕೋಣೆಯ ಕಡೆಗೆ ಸರಿಯಿತು. ಹಗಲಿನಲ್ಲಿ ಬಾಗಿಲು ತೆರೆದಿಟ್ಟು ಊಟವನ್ನು ಬೇಲಿಯ ಒಳಗೇ ಕೊಟ್ಟೆ. ತಪ್ಪು ಮಾಡಿದಾಗ ಒಳಗೆ ಹಾಕುವ ಪದ್ಧತಿಯನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ಶಿಕ್ಷೆಯ ಕೋಣೆ ಎಂದು ಒಮ್ಮೆ ಅನಿಸಿದರೆ ಮರಿ ಮತ್ತೆ ಕಾಲಿಡುವುದಿಲ್ಲ.

ಕಚ್ಚುವಿಕೆಗೆ ಬೇಲಿಯಿಂದ ಇಷ್ಟು ಪ್ರಯೋಜನವಾದೀತು ಎಂದು ನಾನು ಎಣಿಸಿರಲಿಲ್ಲ. ಸಂಜೆ ಏಳರಿಂದ ಎಂಟರವರೆಗೆ ಬಿಂದುವಿಗೆ ಗ್ರಹಚಾರದ ಹೊತ್ತು. ಸೋಫಾದಿಂದ ಬಾಗಿಲಿಗೆ, ಬಾಗಿಲಿನಿಂದ ನನ್ನ ಹಿಮ್ಮಡಿಗೆ. ಆಟ ಸಾಲದು ಎಂದುಕೊಂಡು ಇನ್ನಷ್ಟು ಆಡಿಸಿದೆ, ಇನ್ನಷ್ಟು ಕಚ್ಚಿತು. ಹಾಜರಿ ಪುಸ್ತಕದಲ್ಲಿ ನಿದ್ದೆಗೂ ಒಂದು ಕಾಲಂ ಹಾಕಿದಾಗ ಗುಟ್ಟು ತಿಳಿಯಿತು. ಈ ವಯಸ್ಸಿನ ಮರಿಗಳಿಗೆ ದಿನಕ್ಕೆ 18 ರಿಂದ 20 ಗಂಟೆ ನಿದ್ದೆ ಬೇಕು. ನಮ್ಮ ಮನೆಯಲ್ಲಿ ಟಿವಿ, ಕುಕ್ಕರ್, ಬಾಗಿಲ ಗಂಟೆಗಳ ನಡುವೆ ಅದಕ್ಕೆ 13 ಗಂಟೆಯೂ ಸಿಗುತ್ತಿರಲಿಲ್ಲ. ನಿದ್ದೆಗೆಟ್ಟ ಮಗುವಿನ ರಂಪವನ್ನೇ ನಾನು ಪುಂಡಾಟ ಎಂದುಕೊಂಡಿದ್ದೆ. ಆಮೇಲೆ ಒಂದು ಗಂಟೆ ಎಚ್ಚರವಿದ್ದರೆ ಬೇಲಿಯೊಳಗೆ ಬಿಟ್ಟು, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದೆ. ಹತ್ತು ನಿಮಿಷ ಗೊಣಗಿ ನಿದ್ದೆ ಹೋಗುತ್ತಿತ್ತು. ನಾಲ್ಕನೆಯ ತಿಂಗಳಿನಲ್ಲಿ ಹಲ್ಲು ಬೀಳಲು ಶುರುವಾಯಿತು. ಅಕ್ಕಿ ಆರಿಸುವವಳ ಕಣ್ಣಿಗೆ ನೆಲದ ಮೇಲೊಂದು ವಿಚಿತ್ರ ಅಕ್ಕಿಕಾಳು ಕಂಡಿತು, ಹಲ್ಲು! ಒದ್ದೆ ಮಾಡಿ ತಿರುಚಿ ಫ್ರೀಜರಿನಲ್ಲಿಟ್ಟ ಬಟ್ಟೆಯನ್ನು ಕಚ್ಚಲು ಕೊಟ್ಟೆ. ಅಂಗಡಿಯ 350 ರೂಪಾಯಿಯ ರಬ್ಬರ್ ಮೂಳೆಯನ್ನು ಮೂಸಿಯೂ ನೋಡಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದು ಹೋದರು. ಅಷ್ಟು ರೇಷ್ಮೆಯ ನೆರಿಗೆಗಳು ಕಣ್ಣೆದುರೇ ಹಾದುಹೋದರೂ ಒಂದೂ ಹಾಳಾಗಲಿಲ್ಲ. ನೆಲಕ್ಕೆ ಬಿದ್ದ ಪಾಯಸದ ದ್ರಾಕ್ಷಿಯೂ ಮರಿಯ ಬಾಯಿಗೆ ಸಿಗಲಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ. ಆ ಒಂದು ಸಂಜೆಗೇ ಅರ್ಧ ದುಡ್ಡು ವಸೂಲಾಯಿತು.

ಈಗ ಕೆಂಪು ಶಾಯಿ. ಮೊಸಾಯಿಕ್ ನೆಲದ ಮೇಲೆ ಈ ಬೇಲಿ ನಿಲ್ಲುವುದಿಲ್ಲ, ತೇಲುತ್ತದೆ. ಮೂರು ತಿಂಗಳು ತುಂಬುವಷ್ಟರಲ್ಲಿ ಬಿಂದು ಒಳಗಿನಿಂದ ಎದೆಯೊತ್ತಿ ಇಡೀ ಬೇಲಿಯನ್ನೇ ಊಟದ ಮೇಜಿನವರೆಗೆ ತಳ್ಳಿಕೊಂಡು ಬಂತು. ಕಿಟಕಿಯ ಸರಳಿಗೆ ಹಗ್ಗದಲ್ಲಿ ಕಟ್ಟಿದೆ. ಕಾಲುಗಳಿಗೆ ಹಾಕಿದ ರಬ್ಬರ್ ಟೋಪಿಗಳು ಕೈಯಿಂದ ಎಳೆದರೆ ಬರುತ್ತವೆ, ಹಲ್ಲಿನಿಂದ ಎಳೆದರೆ ಬರುವುದರಲ್ಲಿ ಸಂದೇಹವೇ ಇಲ್ಲ. ಒಂದು ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ. ವಾಂತಿಯಾದರೆ, ಊಟ ಬಿಟ್ಟರೆ ತಕ್ಷಣ ಕರೆತನ್ನಿ, ಅಲ್ಲಿಯವರೆಗೆ ಮಲ ಗಮನಿಸಿ ಎಂದರು ವೈದ್ಯರು. ಎರಡು ದಿನ ಕಡ್ಡಿ ಹಿಡಿದು ಗಮನಿಸಿದೆ, ಹೆಚ್ಚಿನ ವಿವರ ಬೇಡ. ಟೋಪಿ ಸಿಕ್ಕಿತು. ಉಳಿದವನ್ನೆಲ್ಲ ಅಂದೇ ಕಿತ್ತೆಸೆದು, ಕೆಳಗೆ ಗೋಣಿಚೀಲ ಹಾಸಿದೆ. ಬೇಲಿ ತರಿಸುವವರು ಟೋಪಿಗಳನ್ನು ಮೊದಲ ದಿನವೇ ತೆಗೆಯಿರಿ. ಒಳಗೆ ಬಿಡುವಾಗ ಕೊರಳಪಟ್ಟಿಯನ್ನೂ ತೆಗೆಯಿರಿ. ಸರಳಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಉಚ್ಚೆ ಬಿದ್ದ ಕಡೆ ಬಣ್ಣ ಎದ್ದು ತುಕ್ಕು ಹಿಡಿದಿದೆ. ಬಾಗಿಲ ಚಿಲಕ ಎರಡನೆಯ ತಿಂಗಳಿನಲ್ಲೇ ಸಡಿಲವಾಯಿತು. ವೆಲ್ಡಿಂಗ್ ಅಂಗಡಿಯವನು ನೂರು ರೂಪಾಯಿಗೆ ಹೊಸ ಕೊಂಡಿ ಬೆಸೆದುಕೊಟ್ಟ.

ಎತ್ತರದ ವಿಷಯದಲ್ಲಿ ತಪ್ಪು ನನ್ನದು. ಎರಡೂವರೆ ಅಡಿ, ಮೂರಡಿಯವೂ ಇದ್ದವು, 900 ರೂಪಾಯಿ ಉಳಿಸಲು ಹೋದೆ. ನಾಲ್ಕೂವರೆ ತಿಂಗಳಿನಲ್ಲಿ ಬಿಂದು ನಡುವಿನ ಅಡ್ಡಸರಳಿನ ಮೇಲೆ ಹಿಂಗಾಲಿಟ್ಟು, ಸಾವಕಾಶವಾಗಿ, ಏಣಿ ಹತ್ತುವವರಂತೆ ಹತ್ತಿ ಈಚೆಗೆ ಇಳಿಯಿತು. ಬೀದಿತಳಿಯ ಮರಿಗಳಿಗೆ ಕಾಲು ಉದ್ದ, ಬುದ್ಧಿ ಇನ್ನೂ ಉದ್ದ. ಮೂರಡಿಯದನ್ನೇ ತೆಗೆದುಕೊಳ್ಳಿ, ಅಡ್ಡಸರಳು ಕಡಿಮೆ ಇರುವುದನ್ನು ಆರಿಸಿ.

ಗಣಿತದಲ್ಲಿ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಕೊಡುವುದು ರೂಢಿ. ಹತ್ತಕ್ಕೆ ಆರೂವರೆ ಕೊಡುತ್ತೇನೆ. ಆ ಅಂಕವೆಲ್ಲ ಮೊದಲ ಮೂರು ತಿಂಗಳದ್ದು. ಮಾರಾಟಗಾರರಿಗೆ ಬೇರೆ ಪತ್ರಿಕೆ ಕೊಟ್ಟಿದ್ದರೆ ಎರಡು ಅಂಕ ಬರುತ್ತಿತ್ತು, ಪಿನ್ನು ಕಳುಹಿಸಿದ್ದಕ್ಕೆ. ದೊಡ್ಡ ತಳಿಯ ಮರಿಯಿದ್ದರೆ, ದಿನವಿಡೀ ಮನೆಯಲ್ಲಿ ಯಾರೂ ಇರದಿದ್ದರೆ ಇದನ್ನು ಕೊಳ್ಳಬೇಡಿ. ಎಂಟು ಗಂಟೆ ಒಂಟಿಯಾಗಿ ಬಿಟ್ಟುಹೋಗುವುದಕ್ಕೆ ಇದು ಆಗುವುದಿಲ್ಲ, ಅಂಥದ್ದಕ್ಕೆ ಯಾವ ಬೇಲಿಯೂ ಆಗುವುದಿಲ್ಲ.

ಬಿಂದು ಈಗ ಏಳು ತಿಂಗಳವಳು, ಬೀದಿಗೆ ಹೋಗಿಯೇ ಎಲ್ಲ ಮುಗಿಸುತ್ತಾಳೆ. ಆರು ಚೌಕಟ್ಟುಗಳು ಮಡಚಿಕೊಂಡು ಮಂಚದ ಹಿಂದಿವೆ. ಎರಡು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿವೆ, ಅತ್ತೆಯ ಮಡಿಗೆಂದು. ಮನಸ್ಸು ಮಾಡಿದರೆ ಅವಳು ಒಂದೇ ನೆಗೆತಕ್ಕೆ ದಾಟಬಲ್ಲಳು, ದಾಟುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಈಚೆ ಕುಳಿತು ಕಾಯುತ್ತಾಳೆ. ಆಚೆಯಿಂದ ಅತ್ತೆ ದೋಸೆಯ ಗರಿಗರಿ ಅಂಚನ್ನು ಮುರಿದು, ನಾನು ಈ ಕಡೆ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡಡಿ ಎತ್ತರದಿಂದ ಕೆಳಗೆ ಬಿಡುತ್ತಾರೆ.